ತಲೆಯ ಗರಿ ನೆಟ್ಟಗಿದೆ, ಎದೆ ಮಾತ್ರ ಬೋಳು

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಗಂಡು ಕಾಕಟೀಲ್ ಗಿಣಿ ಇದೆ, ಬೂದು ಬಣ್ಣದ್ದು. ಇತ್ತೀಚೆಗೆ ಎದೆ ಮತ್ತು ರೆಕ್ಕೆಯ ಕೆಳಗೆ ಗರಿ ಹೋಗಿ ಚರ್ಮ ಕಾಣುತ್ತಿದೆ. ಪಂಜರದ ತಳದಲ್ಲಿ ದಿನಾ ಗರಿ ಬಿದ್ದಿರುತ್ತವೆ. ತಲೆ, ಜುಟ್ಟು ಮಾತ್ರ ಚೆನ್ನಾಗಿವೆ. ಸೂರ್ಯಕಾಂತಿ ಬೀಜ, ಸಜ್ಜೆ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಅದನ್ನು ತುಂಬಾ ಹಚ್ಚಿಕೊಂಡಿದ್ದ ಮಗ ಓದಲು ಧಾರವಾಡಕ್ಕೆ ಹೋದ ಮೇಲೆ ಇದು ಜಾಸ್ತಿ ಆಗಿದೆ. ಪಕ್ಕದ ಮನೆಯವರು ಹುಳ ಬಿದ್ದಿರಬೇಕು, ಬೇವಿನೆಣ್ಣೆ ಹಚ್ಚಿ ಅನ್ನುತ್ತಾರೆ. ಇದು ಬಿಸಿಲಿನಿಂದಲೋ, ರೋಗವೋ?
(ವಿಜಯಪುರದ ಓದುಗರು)

ಉತ್ತರ: ಬೇವಿನೆಣ್ಣೆ ಹಚ್ಚಬೇಡಿ. ಬೇವು ಅಂತಲ್ಲ, ಯಾವ ಎಣ್ಣೆಯನ್ನೂ, ಮುಲಾಮನ್ನೂ ಹಚ್ಚಬೇಡಿ. ಎಣ್ಣೆ ತಾಗಿದರೆ ಗರಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಹಕ್ಕಿಗೆ ಮೈ ಶಾಖ ಹಿಡಿತದಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ನಿಮ್ಮೂರಿನ ಬಿಸಿಲಿಗೆ ಅದು ಇನ್ನೂ ಅಪಾಯ. ಮೇಲಾಗಿ, ಗರಿ ತೀಡಿಕೊಳ್ಳುವಾಗ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಮನೆಯೊಳಗೆ ಸಾಕಿದ ಗಿಣಿಗಳಲ್ಲಿ ಹುಳದಿಂದ ಗರಿ ಹೋಗುವುದು ಅಪರೂಪ. ಅಂಗಡಿಯಲ್ಲಿ ಕೊಡುವ ಹುಳದ ಸ್ಪ್ರೇ ಕೂಡ ಬೇಡ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿದ್ದು ‘ತಲೆ, ಜುಟ್ಟು ಚೆನ್ನಾಗಿವೆ’ ಅನ್ನುವ ಮಾತು. ಗಿಣಿಯ ಕೊಕ್ಕು ತನ್ನ ಮೈಯ ಎಲ್ಲ ಕಡೆಗೂ ಹೋಗುತ್ತದೆ, ತಲೆಗೆ ಮಾತ್ರ ಹೋಗುವುದಿಲ್ಲ. ಹಾಗಾಗಿ ಮೈ ಬೋಳಾಗಿ ತಲೆ ನೆಟ್ಟಗಿದ್ದರೆ, ಹೆಚ್ಚಾಗಿ ಅದು ತಾನೇ ಗರಿ ಕಿತ್ತುಕೊಳ್ಳುತ್ತಿದೆ ಅಂತ ಅರ್ಥ. ತಲೆಯ ಗರಿಯೂ ಹೋಗಿ, ಹೊಸ ಗರಿಗಳು ಸೊಟ್ಟಗೆ ಅಥವಾ ಬುಡದಲ್ಲಿ ಚಿವುಟಿದ ಹಾಗೆ ಬರುತ್ತಿದ್ದರೆ, ಕೊಕ್ಕು ಮತ್ತು ಗರಿಯ ವೈರಸ್ ರೋಗದ ಅನುಮಾನ ಪಡಬೇಕಾಗುತ್ತಿತ್ತು. ಅದಕ್ಕೆ ಔಷಧ ಇಲ್ಲ, ಬೇರೆ ಗಿಣಿಗಳಿಗೂ ಹರಡುತ್ತದೆ. ನೀವು ಬರೆದಿದ್ದು ನೋಡಿದರೆ ಹಾಗೆ ಕಾಣುವುದಿಲ್ಲ. (ಹಳದಿ-ಬಿಳಿ ಬಣ್ಣದ ಲುಟಿನೋ ಕಾಕಟೀಲ್ ಸಾಕಿದವರು ಜುಟ್ಟಿನ ಹಿಂದಿನ ಬೋಳು ಕಂಡು ಗಾಬರಿಯಾಗಬೇಡಿ. ಅದು ಹೆಚ್ಚಾಗಿ ಹುಟ್ಟಿನಿಂದಲೇ ಬಂದಿರುತ್ತದೆ.)

ಗರಿ ತಾನಾಗಿ ಉದುರುವುದೂ ಇದೆ. ಎಲ್ಲ ಹಕ್ಕಿಗಳೂ ಹಳೇ ಗರಿ ಬಿಟ್ಟು ಹೊಸದು ತರುತ್ತವೆ. ಆದರೆ ಆಗ ಗರಿ ಸ್ವಲ್ಪ ಸ್ವಲ್ಪವೇ, ಎರಡೂ ಬದಿಯಲ್ಲಿ ಒಂದೇ ರೀತಿ ಉದುರುತ್ತವೆ, ಚರ್ಮ ಬೋಳಾಗಿ ಕಾಣುವುದಿಲ್ಲ. ನಾಳೆ ಬೆಳಿಗ್ಗೆ ಪಂಜರದ ತಳದ ಒಂದು ಗರಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬುಡ ನಯವಾಗಿ, ಒಣಗಿ ಬೆಳ್ಳಗಿದ್ದು, ಅಂಚು ಹರಿಯದೆ ಇದ್ದರೆ ಅದು ತಾನಾಗಿ ಉದುರಿದ್ದು. ದಂಟು ಜಜ್ಜಿದ್ದರೆ, ಅಂಚು ಕಚ್ಚಿ ಹರಿದಿದ್ದರೆ, ಬುಡದಲ್ಲಿ ರಕ್ತದ ಕಲೆ ಇದ್ದರೆ ಕೊಕ್ಕಿನ ಕೆಲಸ. ಇದನ್ನು ಫೋಟೋ ತೆಗೆದಿಟ್ಟುಕೊಳ್ಳಿ, ವೈದ್ಯರಿಗೆ ಉಪಯೋಗ ಆಗುತ್ತದೆ.

ಹಾಗಾದರೆ ಯಾಕೆ ಕಿತ್ತುಕೊಳ್ಳುತ್ತದೆ? ಮಗ ಹೋದ ಬೇಸರ ಒಂದೇ ಕಾರಣ ಅಂತ ಕೂರುವುದು ನನಗೆ ಒಪ್ಪಿಗೆ ಇಲ್ಲ. ಮೊದಲು ಮೈಯ ಕಾಯಿಲೆ ನೋಡಬೇಕು. ಕಾಕಟೀಲ್‌ಗಳಲ್ಲಿ ಜಿಯಾರ್ಡಿಯಾ ಅನ್ನುವ ಕರುಳಿನ ಸೂಕ್ಷ್ಮಜೀವಿ ಸೇರಿಕೊಂಡರೆ ವಿಪರೀತ ತುರಿಕೆ ಬರುತ್ತದೆ. ರೆಕ್ಕೆಯ ಕೆಳಗೆ, ತೊಡೆಯ ಹತ್ತಿರ ಕಿತ್ತುಕೊಳ್ಳುತ್ತವೆ, ಕೀಳುವಾಗ ಕಿರುಚುವುದೂ ಉಂಟು. ಹಿಕ್ಕೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಔಷಧಕ್ಕೆ ಗುಣವಾಗುತ್ತದೆ. ಹಿಕ್ಕೆ ತಾಜಾ ಇರಬೇಕು. ಆದ್ದರಿಂದ ಹಕ್ಕಿಯನ್ನೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ದಿನಾ ಹಕ್ಕಿ ನೋಡುವ ವೈದ್ಯರು ಎಲ್ಲ ಊರಲ್ಲಿ ಸಿಗುವುದಿಲ್ಲ ಅನ್ನುವುದು ನಿಜ. ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.

ಆಹಾರದ ವಿಷಯಕ್ಕೆ ಬರೋಣ. ನನ್ನ ಪ್ರಕಾರ ನಿಮ್ಮ ಮನೆಯಲ್ಲಿ ತಕ್ಷಣ ಬದಲಾಗಬೇಕಾದ್ದು ಇದೇ. ಬರೀ ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ಜಾಸ್ತಿ, ಎ ಜೀವಸತ್ವ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕುಸುಬಿ ಕಾಳೂ ಹಾಗೇ ಎಣ್ಣೆಕಾಳು. ಎ ಜೀವಸತ್ವ ಸಾಲದಿದ್ದರೆ ಚರ್ಮ ಒಣಗುತ್ತದೆ, ಗರಿ ಕಳೆಗುಂದುತ್ತದೆ, ತುರಿಕೆ ಶುರುವಾಗುತ್ತದೆ. ನುಗ್ಗೆ ಸೊಪ್ಪು, ಮೆಂತೆ ಸೊಪ್ಪು, ತುರಿದ ಗಜ್ಜರಿ, ಬೇಯಿಸಿದ ಸಿಹಿಗುಂಬಳ ಕೊಡಿ. ಸಂತೆಯಿಂದ ತಂದ ಸೊಪ್ಪನ್ನು ಚೆನ್ನಾಗಿ ತೊಳೆಯಿರಿ, ಔಷಧಿ ಹೊಡೆದಿರುತ್ತಾರೆ. ಆದರೆ ಬೀಜವನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಗುರುತಿಲ್ಲದ ತಿನಿಸನ್ನು ಗಿಣಿ ಆಹಾರ ಅಂತಲೇ ತಿಳಿಯದೆ ಉಪವಾಸ ಕೂತುಬಿಡಬಹುದು. ಕೆಲವು ವಾರ ತೆಗೆದುಕೊಂಡು ಬೀಜ ಕಡಿಮೆ ಮಾಡುತ್ತಾ ಬನ್ನಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಕ ನೋಡಿ. ಕಾಕಟೀಲ್ ಸಾಮಾನ್ಯವಾಗಿ 80ರಿಂದ 120 ಗ್ರಾಂ ತೂಗುತ್ತದೆ. 10 ಗ್ರಾಂ ಇಳಿದರೂ ಅದು ಸಣ್ಣ ಮಾತಲ್ಲ. ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ ಕೊಡಲೇಬಾರದು.

ಬಿಸಿಲಿನಿಂದ ಗರಿ ಉದುರುವುದಿಲ್ಲ. ಒಣ ಹವೆಗೆ ಚರ್ಮ ತುರಿಸಬಹುದು, ಅಷ್ಟೇ. ವಾರಕ್ಕೆ ಮೂರ್ನಾಲ್ಕು ಸಲ, ಬೇಸಿಗೆಯಲ್ಲಿ ದಿನಾ, ಬೆಳಗಿನ ಹೊತ್ತು ಉಗುರುಬೆಚ್ಚನೆ ನೀರನ್ನು ತುಂತುರಾಗಿ ಮೇಲಿಂದ ಸಿಂಪಡಿಸಿ. ಮುಖಕ್ಕೆ ಹೊಡೆಯಬೇಡಿ. ಕಾಕಟೀಲ್‌ನ ಮೂಲ ಊರು ಆಸ್ಟ್ರೇಲಿಯಾದ ಒಣ ಬಯಲು, ಆದರೂ ಮಳೆ ಹನಿದರೆ ರೆಕ್ಕೆ ಬಿಚ್ಚಿ ನೆನೆಯುವ ಹಕ್ಕಿ ಅದು. ಊದುಬತ್ತಿ, ಸೊಳ್ಳೆ ಬತ್ತಿ ಇರುವ ಕೋಣೆಯಲ್ಲಿ ಪಂಜರ ಇಡಬೇಡಿ.

ಇನ್ನು ಮಗನ ಮಾತು. ಗಿಣಿ ಗುಂಪಿನಲ್ಲಿ ಬದುಕುವ ಪ್ರಾಣಿ. ಜೊತೆಗಿದ್ದವರು ಇದ್ದಕ್ಕಿದ್ದಂತೆ ಕಾಣದಾದರೆ ಅದಕ್ಕೆ ನಿಜಕ್ಕೂ ಕಷ್ಟ ಆಗುತ್ತದೆ. ಮನೆಯಲ್ಲಿ ಯಾರಾದರೂ ಒಬ್ಬರು ದಿನಾ ಒಂದೇ ಹೊತ್ತಿಗೆ ಹತ್ತಿರ ಕೂತು ಮಾತಾಡಿಸಿ, ಸಿಳ್ಳೆ ಹಾಕಿ, ತಲೆ ಸವರಿ. ಗರಿ ಕೀಳುವಾಗ ಓಡಿ ಬಂದು ‘ಬೇಡ, ಬೇಡ’ ಅಂತ ಕೂಗಬೇಡಿ. ಕಿತ್ತರೆ ನೀವು ಬರುತ್ತೀರಿ ಅಂತ ಅದು ಕಲಿತುಬಿಡುತ್ತದೆ. ಅದರ ಬದಲು ಕೊಕ್ಕಿಗೆ ಕೆಲಸ ಕೊಡಿ. ನಿಮ್ಮ ಕಡೆ ಇದು ಸುಲಭ ಅಲ್ವಾ, ಒಂದು ಇಡೀ ಸಜ್ಜೆ ತೆನೆ ತೊಳೆದು, ಒಣಗಿಸಿ ಪಂಜರದಲ್ಲಿ ಕಟ್ಟಿ. ಒಂದೊಂದೇ ಕಾಳು ಬಿಡಿಸುತ್ತಾ ತಾಸುಗಟ್ಟಲೆ ಕೂರುತ್ತದೆ. ರಾತ್ರಿ 10ರಿಂದ 12 ತಾಸು ನಿದ್ದೆ ಬೇಕು. ಟಿವಿ ಇರುವ ಹಾಲ್‌ನಲ್ಲಿ ಅದು ಸಿಗುವುದಿಲ್ಲ.

ಕಿತ್ತ ಗರಿ ಕೆಲವು ವಾರದಲ್ಲಿ ಮತ್ತೆ ಮೂಡಬಹುದು. ಮುಳ್ಳಿನಂತೆ ಬರುವ ಹೊಸ ಗರಿಯ ದಂಟಿನಲ್ಲಿ ರಕ್ತ ತುಂಬಿರುತ್ತದೆ. ಅದು ಮುರಿದು ರಕ್ತ ಬಂದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಚರ್ಮವನ್ನೇ ಕಚ್ಚಿ ಗಾಯ ಮಾಡಿಕೊಂಡರೂ ಅಷ್ಟೇ. ವರ್ಷಗಟ್ಟಲೆ ಕಿತ್ತುಕೊಂಡರೆ ಬುಡವೇ ಹಾಳಾಗಿ ಆ ಜಾಗದಲ್ಲಿ ಮತ್ತೆ ಗರಿ ಬಾರದಿರಬಹುದು. ಅದಕ್ಕೇ ಈ ವಾರವೇ ತೋರಿಸಿ ಅನ್ನುತ್ತಿದ್ದೇನೆ.

ಪ್ರಶ್ನೆ: ನಮ್ಮ ಹಸಿರು ಗಿಣಿಯ ರೆಕ್ಕೆಯ ಗರಿ ಅರ್ಧಕ್ಕೇ ನಿಂತಿವೆ, ಬೆಳೆಯುತ್ತಿಲ್ಲ. ಯಾಕೆ? (ಬಾಗಲಕೋಟೆಯ ಓದುಗರು)

ಉತ್ತರ: ಮಾರುವವರು ಹಾರಬಾರದು ಅಂತ ಕತ್ತರಿಸಿರಬೇಕು. ಕಿತ್ತ ಗರಿ ಬೇಗ ಮೂಡಬಹುದು, ಕತ್ತರಿಸಿದ ಗರಿ ಹಾಗೆ ಬೆಳೆಯುವುದಿಲ್ಲ, ಅದು ಉದುರಿ ಹೊಸದು ಬರುವವರೆಗೆ ಕಾಯಬೇಕು. ಆದರೆ ಕೆಂಪು ಕೊಕ್ಕು, ಉದ್ದ ಬಾಲದ ನಮ್ಮೂರ ಹಸಿರು ಗಿಣಿ ಕಾಡುಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಸಾಕುವುದು ಎಲ್ಲವೂ ಅಪರಾಧ. ಹಾಗಂತ ಸುಮ್ನೆ ಪಂಜರದ ಬಾಗಿಲು ತೆಗೆದು ಬಿಡಬೇಡಿ. ಹಾರಲಾರದ ಹಕ್ಕಿ ಬೆಕ್ಕು, ನಾಯಿ, ಕಾಗೆಗಳ ಬಾಯಿಗೆ ಸಿಗುತ್ತದೆ. ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಹೋಗಿ, ರೆಕ್ಕೆ ಕತ್ತರಿಸಿರುವುದನ್ನು ತಿಳಿಸಿ ಒಪ್ಪಿಸಿ.