ಕ್ಷಮಿಸಿದೀನಿ, ಆದ್ರೆ ಬೀಗದ ಕೈನೂ ವಾಪಸ್ ಕೊಡ್ಬೇಕಾ?

ಪ್ರಶ್ನೆ: ನಮ್ಮ ಸಭೆಯಲ್ಲಿ ಖಜಾಂಚಿ ಆಗಿದ್ದ ಬ್ರದರ್ ಒಬ್ರು ಕಟ್ಟಡದ ಫಂಡ್‌ನಿಂದ ದುಡ್ಡು ತೆಗೆದು ಸ್ವಂತಕ್ಕೆ ಬಳಸ್ಕೊಂಡಿದ್ರು. ಸಿಕ್ಕಿಬಿದ್ದ ಮೇಲೆ ಎಲ್ಲರ ಮುಂದೆ ಅತ್ತು ಒಪ್ಕೊಂಡ್ರು, ಸ್ವಲ್ಪ ಸ್ವಲ್ಪವಾಗಿ ವಾಪಸ್ ಕಟ್ತಾನೂ ಇದಾರೆ. ಎರಡು ವರ್ಷ ಆಯ್ತು. ಕ್ಷಮಿಸಿದೀನಿ ಅಂತ ಬಾಯಲ್ಲಿ ಹೇಳಿದೀನಿ, ಆದ್ರೆ ಅವರು ಪ್ರಾರ್ಥನೆಗೆ ಬಾಯಿ ತೆಗೆದ್ರೆ ಸಾಕು ನನಗೆ ಮೈಯೆಲ್ಲಾ ಉರಿಯತ್ತೆ. ಈಗ ಕೆಲವರು ಅವರನ್ನೇ ಮತ್ತೆ ಖಜಾಂಚಿ ಮಾಡೋಣ ಅಂತಿದಾರೆ. ನಾನು ಬೇಡ ಅಂದಿದ್ದಕ್ಕೆ "ತೀರ್ಪು ಮಾಡಬೇಡಿರಿ ಅಂತ ಬರೆದಿಲ್ವಾ" ಅಂತ ನನ್ನನ್ನೇ ಕೇಳ್ತಾರೆ. ನನ್ನದು ತಪ್ಪಾ?

ಉತ್ತರ: ಬ್ರದರ್, ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಇದೆ, ಸುಲಭದ್ದು ಮೊದಲು ಹೇಳ್ತೀನಿ. ದುಡ್ಡಿನ ಜವಾಬ್ದಾರಿ ಅವರಿಗೆ ಬೇಡ ಅಂದಿದ್ದು ತಪ್ಪಲ್ಲ. ಆ ಮಾತು ಇರೋ ಬೈಬಲ್‌ನ ಮತ್ತಾಯ ಸುವಾರ್ತೆ 7ನೇ ಅಧ್ಯಾಯವನ್ನ ಜನ ಒಂದನೇ ವಚನ ಓದಿ ಮುಚ್ಚಿಬಿಡ್ತಾರೆ, ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ ಹೋದ್ರೆ ಕುರಿ ವೇಷ ಹಾಕ್ಕೊಂಡು ಬರೋ ತೋಳಗಳ ಬಗ್ಗೆ ಎಚ್ಚರ ಇರಲಿ, ಫಲ ನೋಡಿ ಗುರುತು ಹಿಡೀರಿ ಅಂತ ಯೇಸುಸ್ವಾಮಿನೇ ಹೇಳ್ತಾರೆ. ಕಣ್ಣು ಮುಚ್ಕೊಂಡಿರೋನು ಫಲ ನೋಡೋದು ಹೇಗೆ? ಲೂಕ 6:37ರಲ್ಲಿ ತೀರ್ಪು ಮಾಡಬೇಡಿರಿ ಅಂದ ತಕ್ಷಣ ಅಪರಾಧಿ ಅಂತ ನಿರ್ಣಯಿಸಬೇಡಿರಿ ಅಂತಲೂ ಇದೆ. ಇವನು ಇಷ್ಟೇ, ಇವನ ಕಥೆ ಮುಗೀತು ಅಂತ ಮೊಹರು ಒತ್ತಿಬಿಡೋ ಅಧಿಕಾರ ನಮಗಿಲ್ಲ, ಆ ಮಾತಿನ ಅರ್ಥ ಅದು. ದುಡ್ಡು ಕದ್ದಿದ್ದು ಕಳ್ಳತನ ಅಂತ ಹೇಳಬಹುದು, ಹೇಳಲೇಬೇಕು.

ಯೇಸುವಿನ ಶಿಷ್ಯ ಪೇತ್ರ ತನ್ನ ಗುರುವನ್ನೇ ಮೂರು ಸಲ ಅಲ್ಲಗಳೆದ್ರೂ ಅವನಿಗೆ ಕೆಲಸ ವಾಪಸ್ ಸಿಗ್ಲಿಲ್ವಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಸಿಕ್ತು ನಿಜ, ಆದ್ರೆ ಪೇತ್ರ ಬಿದ್ದಿದ್ದು ಭಯದಿಂದ. ನಿಮ್ಮ ಬ್ರದರ್ ಬಿದ್ದಿದ್ದು ಹಣದ ಪೆಟ್ಟಿಗೆ ಹತ್ರ, ಅದೇ ಪೆಟ್ಟಿಗೆ ಮತ್ತೆ ಕೈಗೆ ಕೊಡೋದು ಅವರಿಗೆ ಮಾಡೋ ಉಪಕಾರ ಆಗಲ್ಲ. ರೋಗಿಗಳನ್ನ ನೋಡಕ್ಕೆ ಕಳಿಸಿ, ಮಕ್ಕಳಿಗೆ ಹಾಡು ಹೇಳಿಕೊಡಲಿ, ಮಾಡಕ್ಕೆ ಕೆಲಸ ಬೇಕಾದಷ್ಟಿದೆ.

ಈಗ ಕಷ್ಟದ್ದು, ಆ ಉರಿ. ಪೇತ್ರ ಏಳು ಸಲ ಕ್ಷಮಿಸಿದ್ರೆ ಸಾಕಾ ಅಂತ ಕೇಳಿದಾಗ ಏಳೆಪ್ಪತ್ತು ಸಲ, ಅಂದ್ರೆ ಎಪ್ಪತ್ತರ ಏಳರಷ್ಟು, ಅಂತ ಯೇಸುವಿನಿಂದ ಉತ್ತರ ಬಂತು. ಗ್ರೀಕ್ ಮಾತನ್ನ ಎಪ್ಪತ್ತೇಳು ಅಂತಾನೂ ಓದಬಹುದು, ಆದಿಕಾಂಡ 4ರಲ್ಲಿ ಲೆಮೆಕ ಅನ್ನೋನು ನನ್ನನ್ನ ಮುಟ್ಟಿದ್ರೆ ಎಪ್ಪತ್ತೇಳರಷ್ಟು ಸೇಡು ಅಂತ ಎದೆ ತಟ್ಕೋತಾನಲ್ಲ, ಅದೇ ಲೆಕ್ಕವನ್ನ ಯೇಸು ತಿರುಗಿಸಿ ಹಾಕಿದ ಹಾಗಿದೆ. ಅದಾದ ಮೇಲೆ ಸಾಲಗಾರ ಆಳಿನ ಕಥೆ. ಅವನು ರಾಜನಿಗೆ ಕೊಡಬೇಕಾಗಿದ್ದು 10,000 ತಲಾಂತು. ಒಂದು ತಲಾಂತು ಅಂದ್ರೆ ಸುಮಾರು 6,000 ದಿನಾರಿ, ಒಂದು ದಿನಾರಿ ಕೂಲಿಯವನ ಒಂದು ದಿನದ ಸಂಬಳ, ಅಲ್ಲಿಗೆ 6 ಕೋಟಿ ದಿನದ ಕೂಲಿ ಆಯ್ತು. ಅದನ್ನ ಮನ್ನಾ ಮಾಡಿಸ್ಕೊಂಡು ಹೊರಗೆ ಬಂದವನು 100 ದಿನಾರಿ ಸಾಲ ಇದ್ದ ಜೊತೆಗಾರನ ಕುತ್ತಿಗೆ ಹಿಡೀತಾನೆ. ನಾವೆಲ್ಲಾ ಆ 100 ದಿನಾರಿನ ಜುಜುಬಿ ಅಂತ ದಾಟಿ ಹೋಗ್ತೀವಿ, ಆದ್ರೆ ಅದು ಮೂರು ತಿಂಗಳಿಗೂ ಜಾಸ್ತಿ ದುಡಿಮೆ ರೀ, ಬಡವನಿಗೆ ಅದು ಹೋದ್ರೆ ಮನೇಲಿ ಒಲೆ ಉರಿಯಲ್ಲ. ನಿಮಗಾದ ನೋವು ಚಿಕ್ಕದು ಅಂತ ಆ ಕಥೆ ಹೇಳ್ತಾನೇ ಇಲ್ಲ. ನಿಮಗೆ ಮನ್ನಾ ಆಗಿರೋದನ್ನ ಪಕ್ಕದಲ್ಲಿಟ್ಟು ನೋಡಿ ಅಂತ ಮಾತ್ರ ಕೇಳತ್ತೆ.

ನನ್ನದೇ ಒಂದು ಹೇಳ್ತೀನಿ. ಒಬ್ರು ನನ್ನ ಬಗ್ಗೆ ಹಸಿ ಸುಳ್ಳು ಹಬ್ಬಿಸಿದ್ರು, ಆಮೇಲೆ ಕ್ಷಮೆ ಕೇಳಿದ್ರು, ನಾನೂ ಆಯ್ತು ಬಿಡಿ ಅಂದೆ. ಆದ್ರೆ ಅವರು ಬರೆದಿದ್ದ ವಾಟ್ಸಾಪ್ ಮೆಸೇಜ್‌ಗೆ ಸ್ಟಾರ್ ಹಾಕಿ ಇಟ್ಕೊಂಡಿದ್ದೆ. ತಿಂಗಳಿಗೆ ಒಂದೆರಡು ಸಲ, ರಾತ್ರಿ ಲೈಟ್ ಆರಿಸಿ ಮಲಗಿದ ಮೇಲೆ, ಅದನ್ನ ತೆಗೆದು ಓದ್ತಿದ್ದೆ, ಓದಿದಾಗೆಲ್ಲಾ ನಾನು ಎಷ್ಟು ಒಳ್ಳೆಯವನು ಅಂತ ಒಂಥರಾ ಸಮಾಧಾನ ಆಗ್ತಿತ್ತು. ಅದು ಗೊತ್ತಾದ ದಿನ ನನಗೆ ನಿಜವಾಗ್ಲೂ ಹೆದರಿಕೆ ಆಯ್ತು, ಯಾಕಂದ್ರೆ ಸಾಲ ಮನ್ನಾ ಅಂತ ಹೇಳಿ ಪತ್ರವನ್ನ ದಿಂಬಿನ ಕೆಳಗೆ ಇಟ್ಕೊಂಡಿದ್ದೆ ನಾನು. ಡಿಲೀಟ್ ಮಾಡಿದೆ. ಆದ್ರೂ ಮನಸ್ಸಲ್ಲಿ ಅಕ್ಷರ ಅಕ್ಷರ ಹಾಗೇ ಬರ್ತಿತ್ತು, ಬಂದಾಗೆಲ್ಲಾ ಕ್ಷಮಿಸ್ಬೇಕಾಯ್ತು. ಏಳೆಪ್ಪತ್ತು ಸಲ ಅನ್ನೋದು ಒಂದೇ ತಪ್ಪಿಗೂ ಬೇಕಾಗತ್ತೆ ಅಂತ ಆವಾಗ ತಿಳೀತು. ನಿಮಗೆ ಉರಿ ಬರತ್ತೆ ಅಂದ್ರೆ ನಿಮ್ಮ ಕ್ಷಮೆ ಸುಳ್ಳು ಅಂತಲ್ಲ, ಇನ್ನೂ ಮುಗಿದಿಲ್ಲ ಅಷ್ಟೆ.

ನಿನ್ನ ಕಣ್ಣಲ್ಲಿರೋ ತೊಲೆ ಬಿಟ್ಟು ಇನ್ನೊಬ್ಬನ ಕಣ್ಣಲ್ಲಿರೋ ರವೆ ಯಾಕೆ ನೋಡ್ತೀಯ ಅನ್ನೋ ಯೇಸುವಿನ ಮಾತೂ ನೆನಪಿಸ್ಕೊಳ್ಳಿ. ಕಣ್ಣಲ್ಲಿ ಕಸ ಬಿದ್ದವರಿಗೆ ಹೇಗೆ ತೆಗೀತೀವಿ? ಹತ್ರ ಕೂತು, ರೆಪ್ಪೆ ಮೆಲ್ಲಗೆ ಎತ್ತಿ, ಉಸಿರು ಬಿಗಿ ಹಿಡಿದು ಬಟ್ಟೆ ತುದಿಯಿಂದ ಒತ್ತಿ ತೆಗೀತೀವಿ, ನೋವಾಯ್ತಾ ನೋವಾಯ್ತಾ ಅಂತ ಕೇಳ್ತಾ ಇರ್ತೀವಿ. ದೂರ ನಿಂತು ಬೈದ್ರೆ ಯಾರ ಕಣ್ಣಿನ ಕಸನೂ ಬರಲ್ಲ. ಕೊರಿಂಥ ಊರಿನ ಸಭೆಯಲ್ಲಿ ಶಿಕ್ಷೆ ಆಗಿದ್ದ ಒಬ್ಬನ ಬಗ್ಗೆ ಅಪೊಸ್ತಲ ಪೌಲ ಆ ಸಭೆಗೆ ಬರೆದ ಎರಡನೇ ಪತ್ರದಲ್ಲಿ, ಆಗಿರೋ ಶಿಕ್ಷೆ ಸಾಕು, ಇನ್ಮೇಲೆ ಅವನನ್ನ ಸಂತೈಸಿ, ಇಲ್ದಿದ್ರೆ ದುಃಖದಲ್ಲೇ ಮುಳುಗಿ ಹೋಗ್ತಾನೆ ಅಂತ ಬರೀತಾನೆ. ಈ ಎರಡು ವರ್ಷದಲ್ಲಿ ಆ ಬ್ರದರ್ ಪಕ್ಕ ಯಾರಾದ್ರೂ ಕೂತಿದಾರಾ? ಮುಂದಿನ ಭಾನುವಾರ ನೀವು ಕೂತ್ಕೊಳ್ಳಿ.

ಪ್ರಶ್ನೆ: ಗಂಡ ಕುಡಿದು ಹೊಡೀತಾರೆ. ತವರಿಗೆ ಬಂದಿದೀನಿ. ಏಳೆಪ್ಪತ್ತು ಸಲ ಕ್ಷಮಿಸಿ ವಾಪಸ್ ಹೋಗು, ಪೊಲೀಸ್ ಅಂತ ಹೋಗ್ಬೇಡ ಅಂತ ಸಭೆ ಹಿರಿಯರು ಹೇಳ್ತಾರೆ.

ಉತ್ತರ: ಸಿಸ್ಟರ್, ಹೋಗ್ಬೇಡಿ. ನಿಮ್ಮ ಹಿರಿಯರು ಯಾವ ಅಧ್ಯಾಯದ ವಚನ ಹೇಳಿದ್ರೋ ಅದೇ ಮತ್ತಾಯ 18ರ 31ನೇ ವಚನ ಓದಿ. ಮೇಲೆ ಹೇಳಿದ ಸಾಲಗಾರ ಆಳಿನ ಕಥೆಯಲ್ಲಿ, ಒಬ್ಬನ ಕುತ್ತಿಗೆ ಹಿಸುಕ್ತಿರೋದನ್ನ ನೋಡಿದ ಜೊತೆ ಆಳುಗಳು ಹಿಸುಕಿಸ್ಕೊಂಡವನ ಹತ್ರ ಹೋಗಿ ತಾಳ್ಮೆ ತಗೋ ಅನ್ನಲಿಲ್ಲ, ತುಂಬಾ ದುಃಖಪಟ್ಟು ನೇರವಾಗಿ ಒಡೆಯನಿಗೆ ಹೋಗಿ ಹೇಳಿದ್ರು. ಹಿರಿಯರು ಮಾಡಬೇಕಾಗಿದ್ದು ಅದು. ಹೊಡೆಸಿಕೊಂಡವಳಿಗೆ ಕ್ಷಮೆಯ ಪಾಠ, ಹೊಡೆದವನಿಗೆ ಪಶ್ಚಾತ್ತಾಪದ ಮಾತೇ ಇಲ್ಲ, ಇದನ್ನ ನೋಡಿದ್ರೆ ನನಗೆ ತುಂಬಾ ಸಂಕಟ ಆಗತ್ತೆ.

ಕ್ಷಮೆ ಬೇರೆ, ಕಾನೂನು ಬೇರೆ. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ತಮ್ಮ ಗಂಡ, ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಗಂಡುಮಕ್ಕಳನ್ನ ಜೀಪಲ್ಲೇ ಸುಟ್ಟು ಕೊಂದವರನ್ನ ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದ್ರು, ಅಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದ್ರು. ಅವರು ಕ್ಷಮಿಸಿದ್ರು ಅಂತ ಕೇಸ್ ನಿಲ್ಲಲಿಲ್ಲ, 2003ರಲ್ಲಿ ಕೋರ್ಟ್ ಶಿಕ್ಷೆ ಕೊಡ್ತು. ನಿಮ್ಮ ಕ್ಷಮೆ ನಿಮ್ಮ ಮತ್ತೆ ದೇವರ ಮಧ್ಯೆ ನಿಧಾನಕ್ಕೆ ಆಗಲಿ, ಯಾರೂ ತಾರೀಕು ಹಾಕೋದು ಬೇಡ. ದೂರು ಮಾತ್ರ ತಡ ಮಾಡ್ಬೇಡಿ, ಒಬ್ರೇ ಹೋಗ್ಬೇಡಿ, ನಂಬಿಕೆ ಇರೋರನ್ನ ಜೊತೆಗೆ ಕರ್ಕೊಂಡು ಹೋಗಿ.

ಪ್ರಶ್ನೆ: ನಾನು ಮಾಡಿದ ತಪ್ಪನ್ನ ದೇವರು ಕ್ಷಮಿಸಿದಾರೆ ಅಂತ ಗೊತ್ತು, ನನಗೇ ನನ್ನನ್ನ ಕ್ಷಮಿಸಕ್ಕಾಗ್ತಿಲ್ಲ.

ಉತ್ತರ: ಯೋಹಾನನ ಸುವಾರ್ತೆಯಲ್ಲಿ ಇದ್ದಲಿನ ಬೆಂಕಿ ಎರಡು ಕಡೆ ಬರತ್ತೆ. 18ನೇ ಅಧ್ಯಾಯದಲ್ಲಿ, ಯೇಸುವನ್ನ ಹಿಡಿದ ರಾತ್ರಿ, ಪೇತ್ರ ಅಲ್ಲಿ ಚಳಿ ಕಾಯಿಸ್ಕೊಳ್ತಾ ನಾನು ಅವನ ಶಿಷ್ಯ ಅಲ್ಲ ಅಂದ. 21ರಲ್ಲಿ ಕೆರೆ ದಡದಲ್ಲಿ ಯೇಸುನೇ ಇದ್ದಲ ಬೆಂಕಿ ಮೇಲೆ ಮೀನು ಇಟ್ಕೊಂಡು ಕಾಯ್ತಾ ಇದ್ರು. ಆ ಹೊಗೆ ವಾಸನೆಗೆ ಪೇತ್ರನಿಗೆ ಹಳೇದೆಲ್ಲಾ ನೆನಪಾಗಿರಲೇಬೇಕು ಅಂತ ನನಗನಿಸತ್ತೆ. ಯಾಕೆ ಹಾಗೆ ಮಾಡಿದೆ ಅಂತ ಅವರು ಒಂದು ಮಾತೂ ಕೇಳಲಿಲ್ಲ. ಮೊದಲು ಬಂದು ಊಟ ಮಾಡಿ ಅಂದ್ರು.