ಗೇರುಬೀಜ, ತಕ್ಕಡಿ, ಕತ್ತರಿ

ಪ್ರಶ್ನೆ: ನಮ್ಮ ಪಕ್ಕದ ಮನೆಯವರಿಗೆ ಗೋವಾದ ಸತ್ತರಿ ತಾಲೂಕಿನಲ್ಲಿ ಗೇರು ತೋಟವಿದೆ. ಬೀಜ ಕಿಲೋಗೆ ನೂರಿಪ್ಪತ್ತರ ಆಸುಪಾಸಿನಲ್ಲಿ ಹೋಯಿತೆಂದು ಅವರಿಗೆ ಬೇಸರ. ಪಣಜಿಯ ಅಂಗಡಿಯಲ್ಲಿ ಗೋಡಂಬಿ ಸಾವಿರದ ಮೇಲಿದೆ. ನಡುವಿನ ಹಣ ಯಾರ ಜೇಬಿಗೆ? ಫೇರ್‌ಟ್ರೇಡ್ ಮುದ್ರೆಯ ಪೊಟ್ಟಣ ಕೊಂಡರೆ ರೈತನಿಗೆ ಹೆಚ್ಚು ಸಿಗುತ್ತದೆಯೇ?
– ಓದುಗರೊಬ್ಬರು, ವಾಸ್ಕೋ

ಉತ್ತರ: ಅಮ್ಮಾ, ಒಂದು ಕಿಲೋ ಗೋಡಂಬಿಗೆ ಸುಮಾರು ನಾಲ್ಕು ಕಿಲೋ ಬೀಜ ಬೇಕು. ಅಲ್ಲಿಗೇ ನಾನೂರೆಂಬತ್ತು ರೂಪಾಯಿ ಆಯಿತು. ಮೇಲೆ ಬೇಯಿಸಬೇಕು, ಒಡೆಯಬೇಕು, ಒಣಗಿಸಬೇಕು, ಪೊರೆ ಬಿಡಿಸಬೇಕು, ವಿಂಗಡಿಸಬೇಕು. ಚಿಪ್ಪಿನ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ಒಡೆಯುವ ಹೆಂಗಸರ ಬೆರಳುಗಳನ್ನು ನೋಡಿದವರು ಆ ಕೂಲಿ ಜಾಸ್ತಿಯೆನ್ನಲಾರರು. ಹಾಗಾಗಿ ನಡುವಿನದೆಲ್ಲ ಲೂಟಿಯಲ್ಲ. (ಗೇರುಬೀಜದ ಕಾರ್ಖಾನೆಯಲ್ಲಿ ಲೆಕ್ಕ ಬರೆದೇ ನಿವೃತ್ತನಾದವನ ಮಾತು, ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ.)

ಆದರೂ ರೈತ ಸೋಲುವುದು ನಿಜ. ಸೋಲುವುದು ಚೀಲ ಬಿಚ್ಚುವ ಹೊತ್ತಿನಲ್ಲಿ. ದೊಡ್ಡ ವ್ಯಾಪಾರದಲ್ಲಿ ಬೀಜದ ಬೆಲೆ ನಿಲ್ಲುವುದು ತೂಕದ ಮೇಲಷ್ಟೇ ಅಲ್ಲ, ಒಳಗೆ ಎಷ್ಟು ತಿರುಳಿದೆ ಎಂಬುದರ ಮೇಲೆ. ಬೇರೆ ಬೇರೆ ಚೀಲಗಳಿಂದ ಹಿಡಿ ಹಿಡಿ ತೆಗೆದು ಒಂದು ಕಿಲೋ ಮಾಡುತ್ತಾರೆ. ಒಂದೊಂದೇ ಬೀಜವನ್ನು ಕತ್ತರಿಯಲ್ಲಿ ಸೀಳಿ ಒಳ್ಳೆಯದು, ಕಲೆ ಬಿದ್ದದ್ದು, ಪೊಳ್ಳು ಎಂದು ಮೂರು ಗುಡ್ಡೆ ಹಾಕುತ್ತಾರೆ. ಒಳ್ಳೆಯ ತಿರುಳಿನ ಪೂರ್ತಿ ತೂಕಕ್ಕೆ ಕಲೆ ಬಿದ್ದದ್ದರ ಅರ್ಧ ತೂಕ ಸೇರಿಸುತ್ತಾರೆ. ಹಾಗೆ 272 ಗ್ರಾಂ ಬಂದರೆ 80 ಕಿಲೋ ಚೀಲಕ್ಕೆ 48 ಪೌಂಡ್ ತಿರುಳು ಎಂದು ಲೆಕ್ಕ. ಇದನ್ನೇ ಔಟ್‌ಟರ್ನ್ ಎನ್ನುವುದು. 48ರ ಮಾಲನ್ನು 44 ಎಂದು ಬರೆದುಕೊಂಡರೆ ಚೀಲಕ್ಕೆ 1.8 ಕಿಲೋ ತಿರುಳು ಸದ್ದಿಲ್ಲದೆ ಕೈ ಬದಲಾಯಿಸುತ್ತದೆ. ಕತ್ತರಿ, ತಕ್ಕಡಿ ಎರಡೂ ಕೊಳ್ಳುವವನವು. ಬೆಳೆದವನಿಗೋ ತನ್ನ ಬೀಜದ ಔಟ್‌ಟರ್ನ್ ಎಷ್ಟೆಂದೇ ಗೊತ್ತಿಲ್ಲ. ಮಳೆಗೆ ಮುಂಚೆ ಕೈಗೆ ಕಾಸು ಬೇಕು, ಹಸಿಬಿಸಿಯಾಗಿಯೇ ಮಾರುತ್ತಾನೆ.

ಇನ್ನು ಫೇರ್‌ಟ್ರೇಡ್ ಮುದ್ರೆಯ ವಿಷಯ. 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೆಕ್ಸಿಕೋದ ಕಾಫಿಯ ಮೇಲೆ ಶುರುವಾದ ಏರ್ಪಾಡು ಇದು. ರೈತರ ಸಂಘಕ್ಕೆ ಕನಿಷ್ಠ ಬೆಲೆಯ ಭರವಸೆ, ಮೇಲೆ ಒಂದಿಷ್ಟು ಹೆಚ್ಚುವರಿ ಹಣ. ಅದನ್ನು ಏನು ಮಾಡಬೇಕೆಂದು ಸದಸ್ಯರೇ ಮತ ಹಾಕಿ ನಿರ್ಧರಿಸುತ್ತಾರೆ. ಹಣ ಸಲ್ಲುವುದು ಸಂಘಕ್ಕೆ. ಸಂಘದ ಖರ್ಚು ಕಳೆದು ರೈತನಿಗೆ. ಸಂಘ ಬೆಳೆದದ್ದೆಲ್ಲ ಮುದ್ರೆಯ ದರಕ್ಕೇ ಮಾರಾಟವಾಗುವುದೂ ಇಲ್ಲ. ಕೊಳ್ಳಬೇಡಿ ಎನ್ನುವುದಿಲ್ಲ. ಆದರೆ ಒಣಗಿಸುವ ಅಂಗಳ, ಗೋದಾಮು, ಸ್ವಂತ ಕತ್ತರಿ ಇರುವ ಸಂಘ ಮುದ್ರೆಯಿಲ್ಲದೆಯೂ ಚೌಕಾಸಿ ಮಾಡಬಲ್ಲದು. ಇವು ಮೂರೂ ಇಲ್ಲದ ಸಂಘಕ್ಕೆ ಮುದ್ರೆ ಬರೀ ಅಲಂಕಾರ. ಗೋವಾ ಬಾಗಾಯತದಾರ ಸಹಕಾರ ಸಂಘ ಬೀಜ ಕೊಳ್ಳುತ್ತದೆ. ನಿಮ್ಮ ನೆರೆಯವರು ಅಲ್ಲಿಯ ದರ ಕೇಳಿಯೇ ವ್ಯಾಪಾರಿಯ ಹತ್ತಿರ ಮಾತಿಗೆ ಕೂರಲಿ.

ಪ್ರಶ್ನೆ: ಆಫ್ರಿಕಾದ ಅಗ್ಗದ ಬೀಜ ಬಂದೇ ಗೋವಾ ರೈತ ಹಾಳಾದ. ಆಮದು ನಿಲ್ಲಿಸಬಾರದೇ?
– ಓದುಗರೊಬ್ಬರು, ಮಡಗಾಂವ್

ಉತ್ತರ: ನಿಲ್ಲಿಸಿದರೆ ಕರಾವಳಿಯ ಕಾರ್ಖಾನೆಗಳು ವರ್ಷದ ಅರ್ಧಕ್ಕರ್ಧ ಕಾಲ ಬೀಗ ಹಾಕಿಕೊಂಡಿರಬೇಕಾಗುತ್ತದೆ, ಸ್ವಾಮಿ. ಆ ‘ಅಗ್ಗ’ ಯಾರ ತಲೆಯ ಮೇಲೆ ಬಿದ್ದದ್ದು? ಜಗತ್ತಿನಲ್ಲಿ ಅತಿ ಹೆಚ್ಚು ಗೇರುಬೀಜ ಬೆಳೆಯುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್. ಅದರ ಬಹುಪಾಲು ಚಿಪ್ಪಿನ ಸಮೇತ ಹಡಗು ಹತ್ತಿ ವಿಯೆಟ್ನಾಂ, ಭಾರತಕ್ಕೆ ಬರುತ್ತದೆ. ಅಲ್ಲಿನ ಸರ್ಕಾರ ಪ್ರತಿ ಹಂಗಾಮಿಗೂ ತೋಟದ ಬಾಗಿಲಿನ ಕನಿಷ್ಠ ಬೆಲೆ ಸಾರುತ್ತದೆ. ಹಳ್ಳಿಯ ವ್ಯಾಪಾರಿ ಅದಕ್ಕಿಂತ ಕೆಳಗೆ ಕೇಳುತ್ತಾನೆ. ಸತ್ತರಿಯ ಕಥೆಯೇ, ಭಾಷೆ ಮಾತ್ರ ಫ್ರೆಂಚ್. ಅವರ ಬೀಜ ಅವರಲ್ಲೇ ಒಡೆದು ತಿರುಳಾಗಿ ಬಂದರೆ ಕೂಲಿ ಅವರ ಊರಿನಲ್ಲಿ ಉಳಿಯುತ್ತದೆ. ಆಗ ನಮ್ಮ ಕಾರ್ಖಾನೆಗಳೇ ಮೊದಲು ಕೂಗು ಹಾಕುತ್ತವೆ, ಅದೂ ನನಗೆ ಗೊತ್ತು. ನಿಲ್ಲಿಸಬೇಕಾದದ್ದು ಹೊರಗಿನ ಗೋಡಂಬಿಯನ್ನು ‘ಗೋವಾ ಗೋಡಂಬಿ’ ಎಂದು ಪ್ರವಾಸಿಗರಿಗೆ ಮಾರುವುದನ್ನು. 2023ರಲ್ಲಿ ಗೋವಾ ಗೋಡಂಬಿಗೆ ಭೌಗೋಳಿಕ ಗುರುತು (ಜಿಐ), ಅಂದರೆ ಆ ಊರಿನ ಮಾಲಿಗಷ್ಟೇ ಆ ಹೆಸರು ಎಂಬ ಮಾನ್ಯತೆ, ಸಿಕ್ಕಿದೆ. ಅಂಗಡಿಯಲ್ಲಿ ಅದನ್ನು ಕೇಳಿ.

ಪ್ರಶ್ನೆ: ಡಬ್ಲ್ಯೂ 240, ಡಬ್ಲ್ಯೂ 320 ಎಂದರೇನು? ಯಾವುದು ಒಳ್ಳೆಯದು?
– ಓದುಗರೊಬ್ಬರು, ಮಾಪುಸಾ

ಉತ್ತರ: ಆ ಅಂಕಿ, ಒಂದು ಪೌಂಡಿಗೆ ಹೆಚ್ಚೆಂದರೆ ಎಷ್ಟು ಇಡೀ ಗೋಡಂಬಿ ತೂಗುತ್ತವೆ ಎಂಬ ಎಣಿಕೆ. ಅಂಕಿ ಚಿಕ್ಕದಾದಷ್ಟೂ ಗೋಡಂಬಿ ದಪ್ಪ, ಬೆಲೆಯೂ ದಪ್ಪ. ರುಚಿ ಒಂದೇ. ಪಾಯಸಕ್ಕಾದರೆ ಹೋಳು ಕೊಳ್ಳಿ, ಹೇಗೂ ಒಡೆದೇ ಹಾಕುತ್ತೀರಿ.