ಐದು ವರ್ಷದ ಮಗನಿಗೆ ಆಟಿಸಂ. ದಿನಾ ಕಿರುಚಾಟ, ನಾನೂ ಕಿರುಚುತ್ತೇನೆ, ಕೊನೆಗೆ ಮೊಬೈಲ್ ಕೊಡುತ್ತೇನೆ. ನಿನ್ನೆಯೂ ಹತ್ತು ನಿಮಿಷ ತಡೆದುಕೊಂಡು ಆಮೇಲೆ ಕೊಟ್ಟೆ. ನನಗೆ ನಿದ್ದೆ ಇಲ್ಲ, ಥೆರಪಿ ಖರ್ಚಿನ ಚಿಂತೆ ಬೇರೆ. ಏನು ಮಾಡಲಿ?

"ಹತ್ತು ನಿಮಿಷ ತಡೆದುಕೊಂಡು ಆಮೇಲೆ ಕೊಟ್ಟೆ" ಅಂತ ಬರೆದಿದ್ದೀರಲ್ಲ, ಎಡವಟ್ಟು ಆಗ್ತಿರೋದು ಅಲ್ಲೇ. ಹತ್ತು ನಿಮಿಷ ಕಿರುಚಿದರೆ ಮೊಬೈಲ್ ಸಿಗುತ್ತೆ ಅಂತ ಮಗು ಕಲಿತಿದೆ. ನಾಳೆ ನೀವು ಹದಿನೈದು ನಿಮಿಷ ತಡೆದರೆ ಅವನೂ ಹದಿನೈದಕ್ಕೆ ಏರುತ್ತಾನೆ. ಕೊಡೋದೇ ಆದರೆ ಕಿರುಚೋಕೆ ಮುಂಚೆ ಕೊಡಿ. ಮೊಬೈಲಿನ ಚಿತ್ರ ಅಂಟಿಸಿದ ಒಂದು ರಟ್ಟಿನ ಚೀಟಿ ಅವನ ಕೈಗೆಟುಕುವಲ್ಲಿ ಇರಲಿ. ಅದನ್ನು ತಂದು ನಿಮ್ಮ ಕೈಗೆ ಇಟ್ಟ ತಕ್ಷಣ ಮೊಬೈಲ್ ಸಿಗಬೇಕು. ಮೊದಮೊದಲು ಅವನ ಕೈ ಹಿಡಿದು ನೀವೇ ಕೊಡಿಸಬೇಕಾಗುತ್ತೆ. ಕಾಯೋದನ್ನು ಕಲಿಸೋದು ಆಮೇಲಿನ ಮಾತು.

ಆದರೆ ಎಲ್ಲ ಕಿರುಚಾಟವೂ ಹಠ ಅಲ್ಲ. ಕೇಳಿದ್ದು ಸಿಕ್ಕ ಮೇಲೆ ನಿಂತರೆ ಅದು ಬೇಡಿಕೆ. ಸಿಕ್ಕರೂ ನಿಲ್ಲದೆ ಕಿವಿ ಮುಚ್ಚಿಕೊಂಡು ಒದ್ದಾಡಿದರೆ ಸದ್ದು, ಬೆಳಕು, ಜನಜಂಗುಳಿ ಅವನಿಗೆ ವಿಪರೀತವಾಗಿದೆ ಅಂತ ಲೆಕ್ಕ. ಆಗ ಬುದ್ಧಿಮಾತು, ಬೈಗುಳ ಎರಡೂ ಇನ್ನಷ್ಟು ಸದ್ದಷ್ಟೇ. ಲೈಟ್ ಆರಿಸಿ, ಪಕ್ಕದಲ್ಲಿ ಕೂತು "ಇಲ್ಲೇ ಇದ್ದೀನಿ" ಅಂದರೆ ಸಾಕು. ಕುಕ್ಕರ್, ಮಿಕ್ಸಿ ಕಾರಣವಾದರೆ ಸ್ವಿಚ್ ಹಾಕೋಕೆ ಮುಂಚೆ ಅವನನ್ನು ಬೇರೆ ಕೋಣೆಗೆ ಕಳಿಸಿ.

ಯಾವುದು ಯಾವುದೆಂದು ತಿಳಿಯೋಕೆ ಒಂದು ವಾರ ಹಳೇ ಕ್ಯಾಲೆಂಡರ್ ಹಿಂದೆ ಮೂರು ಕಾಲಂ ಬರೆಯಿರಿ: ಸ್ವಲ್ಪ ಮುಂಚೆ ಏನಾಗಿತ್ತು, ಏನು ಮಾಡಿದ, ಆಮೇಲೆ ನೀವೇನು ಮಾಡಿದಿರಿ. ಗಂಟೆಯನ್ನೂ ಹಾಕಿ. ಇದ್ದಕ್ಕಿದ್ದಂತೆ ಜಾಸ್ತಿಯಾಗಿದ್ದರೆ ಮೊದಲು ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದೆಯೇ ಅಂತ ಡಾಕ್ಟರ ಹತ್ತಿರ ತೋರಿಸಿ. ಮಾತು ಬಾರದ ಮಗು ನೋವನ್ನು ಹೀಗೇ ಹೇಳೋದು.

ಕಿರುಚಿದರೆ ಮೊಬೈಲ್ ಇಲ್ಲ ಅಂತ ಶುರು ಮಾಡಿದ ಮೊದಲ ಕೆಲವು ದಿನ ರಂಪ ಕಮ್ಮಿಯಾಗೋದಿಲ್ಲ, ಜಾಸ್ತಿಯಾಗುತ್ತೆ. ಬಹಳಷ್ಟು ಮನೆಗಳಲ್ಲಿ ಕೈಬಿಡೋದು ಇದೇ ಹಂತದಲ್ಲಿ. ಅದಕ್ಕೇ ನಿಮ್ಮ ಯಜಮಾನರು, ಅತ್ತೆಯವರು ಮೊದಲೇ ಒಪ್ಪಿರಬೇಕು. "ಪಾಪ ಮಗು" ಅಂತ ಅಜ್ಜಿ ಒಮ್ಮೆ ಕೊಟ್ಟರೂ ಅಷ್ಟು ದಿನದ ಪಾಡು ಹೊಳೆಯಲ್ಲಿ ಹುಣಸೆಹಣ್ಣು. ಹತ್ತು ನಿಯಮ ಬೇಡ, ಒಂದೇ ಇರಲಿ.

ಇನ್ನು ನಿಮ್ಮ ವಿಷಯ. ಬೈಗುಳ ಬರೋದು ನೀವು ಕೆಟ್ಟ ತಾಯಿ ಅಂತಲ್ಲ, ನಿದ್ದೆ ಇಲ್ಲ ಅಂತ. ರಾತ್ರಿ ಪಾಳಿ ಹಂಚಿಕೊಳ್ಳಿ, ದಿನಕ್ಕೆ ಅರ್ಧ ಗಂಟೆ ಮಗು ಬೇರೆಯವರ ಜವಾಬ್ದಾರಿ ಆಗಲಿ. ಆ ಅರ್ಧ ಗಂಟೆ ಪಾತ್ರೆ ತೊಳೆಯೋಕಲ್ಲ! ಕೈ ಎತ್ತುವಷ್ಟು ಸಿಟ್ಟು ಬಂದಾಗ ಮಗು ಸುರಕ್ಷಿತವಾಗಿದ್ದರೆ ಎರಡು ನಿಮಿಷ ಹೊರಗೆ ನಿಲ್ಲಿ. ಎರಡು ವಾರವಾದರೂ ಮಂಕು, ಅಳು ಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಥೆರಪಿ ಖರ್ಚಿನ ಚಿಂತೆಗೆ: ಅಂಗವೈಕಲ್ಯ ಪ್ರಮಾಣಪತ್ರ ಇದ್ದರೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತೆ. ಥೆರಪಿಗೆ ಅದರೊಳಗೇ ಬೇರೆ ಮಿತಿ ಇದೆ, ಬಿಲ್ಲುಗಳನ್ನು ಎಸೆಯಬೇಡಿ.